ಪದದ ವ್ಯುತ್ಪತ್ತಿ ಜನರ ವಂಶಾವಳಿಯೇ?

ಇರಾಕ್, ಸಿರಿಯಾ, ತುರ್ಕಿ, ಇರಾನ್‌ಗಳಲ್ಲಿ ಅರಮಾಯಿಕ್ ನುಡಿಗಳನ್ನು ಉಳಿಸಿಕೊಂಡು ಬಂದ ಕ್ರೈಸ್ತರನ್ನು ಅಸ್ಸೀರಿಯನ್ನರೆನ್ನಬೇಕೇ, ಕಾಲ್ಡಿಯನ್ನರೆನ್ನಬೇಕೇ, ಸಿರಿಯಾಕರೆನ್ನಬೇಕೇ ಎಂಬ ಜಗಳ ವಿಶ್ವಕೋಶ ಸಂಪಾದಕರಲ್ಲಿ ಇನ್ನೂ ತಣಿದಿಲ್ಲ. ಅವರು ಪ್ರಾಚೀನ ಅಸ್ಸೀರಿಯಾದ ಸಂತತಿಯೆಂದು ಸಾಧಿಸುವವರೂ ಅದನ್ನು ನಿರಾಕರಿಸುವವರೂ ಎಸಗುತ್ತಿರುವ ತಪ್ಪು ಒಂದೇ: ಪದದ ಚರಿತ್ರೆಯನ್ನು ಜನರ ಚರಿತ್ರೆಯೆಂದು ಓದುವುದು.

1997ರಲ್ಲಿ ತುರ್ಕಿಯ ಚಿನೆಕೊಯ್‌ನಲ್ಲಿ ದೊರೆತ ಕ್ರಿ.ಪೂ. 8ನೆಯ ಶತಮಾನದ ದ್ವಿಭಾಷಾ ಶಾಸನದಲ್ಲಿ ಫಿನೀಷಿಯನ್ ಪಾಠ ‘ಅಶ್ಶೂರ್’ ಎಂದಲ್ಲಿ ಲುವಿಯನ್ ಪಾಠ ‘ಸುರ’ ಎನ್ನುತ್ತದೆ. ‘ಸಿರಿಯಾ’ ಎಂಬುದು ‘ಅಸ್ಸೀರಿಯಾ’ದ ಹ್ರಸ್ವರೂಪವೆಂದು ನೋಲ್ಡೆಕೆ 1871ರಲ್ಲೇ ಮಂಡಿಸಿದ್ದ ವಾದಕ್ಕೆ ಇದರಿಂದ ಬಲ ಬಂದಿತು, ನಿಜ. ಆದರೆ ಶಾಸನ ತೋರಿಸುವುದು ಹೆಸರಿನ ಬಾಳಿಕೆಯನ್ನಷ್ಟೆ. ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದ ಮೇಲಿನ ವಂಶಪರಂಪರೆಯ ಬಗ್ಗೆ ಅದು ಮೂಕ. ಭಾಷಾಶಾಸ್ತ್ರದ ಮೊದಲ ಪಾಠವಿದು!

ಇನ್ನು, ‘ಅಸ್ಸೀರಿಯನ್’ ಎಂಬುದು 19ನೆಯ ಶತಮಾನದ ಪಾಶ್ಚಾತ್ಯ ಮಿಷನರಿಗಳೂ ಉತ್ಖನನಕಾರರೂ ತೊಡಿಸಿದ ಹೆಸರೆಂದು ತಳ್ಳಿಹಾಕುವವರ ಮಾತು. ತಡವಾಗಿ ಬಂದ ಹೆಸರು ಅಷ್ಟರಿಂದಲೇ ಹುಸಿಯಾಗದು. 1933ರಲ್ಲಿ ಇರಾಕಿ ಸೈನ್ಯ ಸಿಮೆಲೆಯಲ್ಲಿ ಕೊಂದದ್ದು ಆ ಹೆಸರು ಹೊತ್ತವರನ್ನೇ. 2005ರ ಇರಾಕ್ ಸಂವಿಧಾನದ 125ನೆಯ ವಿಧಿ ಕಾಲ್ಡಿಯನ್ನರನ್ನೂ ಅಸ್ಸೀರಿಯನ್ನರನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಒಂದೇ ಸೂರೆತ್ ನುಡಿಯಾಡುವ ಅಲ್ಪಸಂಖ್ಯಾತರು ಕಾಗದದ ಮೇಲೆ ಎರಡಾದರು. ಹೀಗಿರುವಾಗ ತಲೆಬರಹದ ಆಯ್ಕೆಯನ್ನು ಪಂಡಿತರ ವಿನೋದವೆನ್ನಲಾಗದು.

ತಮ್ಮ ನುಡಿಯಲ್ಲಿ ಅವರು ತಮ್ಮನ್ನು ‘ಸೂರಾಯೆ’, ‘ಸೂರ್ಯೊಯೆ’ ಎಂದು ಕರೆದುಕೊಳ್ಳುತ್ತಾರೆ. ಅಲ್ಲಿಂದಲೇ ಲೇಖನವನ್ನು ಆರಂಭಿಸಿ, ಉಳಿದ ಹೆಸರುಗಳನ್ನು ಯಾರು, ಯಾವಾಗ, ಯಾರಿಗೆ ಬಳಸಿದರೆಂದು ದಾಖಲಿಸಲು ಸಂಪಾದಕರಿಗಿರುವ ತೊಡಕಾದರೂ ಏನು?