ಸರಕಿನ ಲಾರಿಯಲ್ಲಿ ಜನರ ಸಾಗಣೆ: ಹೊಣೆ ಯಾರದು?

2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿಗಳೊಡನೆ ವ್ಯಾಪಾರಿಗಳನ್ನೂ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸಮೀಪ ಉರುಳಿಬಿದ್ದು ಕನಿಷ್ಠ 10 ಮಂದಿ ಅಸುನೀಗಿದರು. ಇಂತಹ ದುರಂತಗಳು ವಾಣಿಜ್ಯ ಸಮುದಾಯದ ಮುಂದೆ ಒಂದು ಗಂಭೀರ ಪ್ರಶ್ನೆಯನ್ನಿಡುತ್ತವೆ: ಸರಕಿನ ಮೇಲೆ ಕುಳಿತು ಸಾಗುವವರಿಗೆ ಕಾನೂನಿನ ರಕ್ಷಣೆ ಎಷ್ಟರಮಟ್ಟಿಗಿದೆ?

‘ವಿಮೆ ಇದೆಯಲ್ಲ’ ಎಂಬುದು ಮಾಲೀಕರ ಸಾಮಾನ್ಯ ಸಮಾಧಾನ. ಅದು ಅರ್ಧಸತ್ಯ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯನ್ವಯ ಕಡ್ಡಾಯವಾಗಿರುವ ವಿಮೆಯು ದಾರಿಹೋಕರಿಗೆ, ಎದುರಿನ ವಾಹನದವರಿಗೆ ರಕ್ಷಣೆ ನೀಡುತ್ತದೆ. ಆದರೆ ಸರಕು ವಾಹನದಲ್ಲಿ ಬಿಟ್ಟಿಯಾಗಿ ಪಯಣಿಸುವವರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ ತೀರ್ಪಿತ್ತಿದೆ. 1994ರ ತಿದ್ದುಪಡಿಯು ಸರಕಿನ ಒಡೆಯನನ್ನೂ ಆತನ ಅಧಿಕೃತ ಪ್ರತಿನಿಧಿಯನ್ನೂ ವಿಮೆಯ ವ್ಯಾಪ್ತಿಗೆ ತಂದಿತಾದರೂ, ಅಂತಹವರು ಕ್ಯಾಬಿನ್ನಿನಲ್ಲಿಯೇ ಕುಳಿತಿರಬೇಕೆಂದು ಅದೇ ನ್ಯಾಯಾಲಯವು 2007ರಲ್ಲಿ ಹೇಳಿತು. ಮೂಟೆಗಳ ಮೇಲೆ ಕುಳಿತವರು, ಮಾಲು ತಮ್ಮದೇ ಆಗಿದ್ದರೂ, ಈ ರಕ್ಷಣೆಯಿಂದ ವಂಚಿತರಾಗುವ ಸಂಭವವಿದೆ.

ಕೆಲವು ಪ್ರಕರಣಗಳಲ್ಲಿ ವಿಮಾ ಕಂಪನಿಯು ಮೊದಲು ಪರಿಹಾರ ನೀಡಿ, ಅನಂತರ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಆದೇಶಿಸಿದ್ದುಂಟು. ಆಗಲೂ ಹೊರೆ ಕಡೆಗೆ ಮಾಲೀಕನದೇ. ಒಂದೇ ಲಾರಿಯನ್ನು ನಂಬಿ ಬದುಕುವವನು ಲಕ್ಷಾಂತರ ರೂಪಾಯಿಯನ್ನು ಎಲ್ಲಿಂದ ತಂದಾನು? ವಿಮಾ ಕಂಪನಿಯು ಹೊಣೆಯಿಂದ ಪಾರಾಗಿ, ಮಾಲೀಕನಲ್ಲಿಯೂ ಆಸ್ತಿಯಿಲ್ಲದಿದ್ದಲ್ಲಿ ಮೃತರ ಕುಟುಂಬಕ್ಕೆ ಉಳಿಯುವುದು ತೀರ್ಪಿನ ಪ್ರತಿಯಷ್ಟೇ.

ಅಪಘಾತದ ತರುವಾಯ ಚಾಲಕನು ಪಲಾಯನ ಮಾಡುವುದು ಮತ್ತೊಂದು ಪ್ರಮಾದ. ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುವುದು, ತಡವೆಂದರೂ 24 ಗಂಟೆಗಳೊಳಗೆ ಪೊಲೀಸರಿಗೆ ವರದಿ ಮಾಡುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕಾಯ್ದೆಯ 134ನೇ ಕಲಮಿನಂತೆ ಆತನ ಕರ್ತವ್ಯ. ಇದನ್ನು ಚಾಲಕನಿಗೆ ಮೊದಲೇ ಮನಗಾಣಿಸುವುದು ಮಾಲೀಕನ ವಿವೇಕ.

ಪ್ರತ್ಯೇಕ ವಾಹನದ ವೆಚ್ಚವನ್ನು ಸಣ್ಣ ವ್ಯಾಪಾರಿಯು ಒಬ್ಬನೇ ಭರಿಸಲಾರನೆಂಬ ವಾದದಲ್ಲಿ ಹುರುಳಿದೆ. ಆದರೆ ಒಂದೇ ಸಂತೆಗೆ ಹೋಗುವ ಹತ್ತು ಮಂದಿ ಕೂಡಿದರೆ ಪ್ರಯಾಣಿಕ ವಾಹನವೊಂದನ್ನು ಗೊತ್ತುಮಾಡುವುದು ಅಸಾಧ್ಯವೇನಲ್ಲ. ಸ್ಥಳೀಯ ವರ್ತಕ ಸಂಘಗಳು ಈ ದಿಸೆಯಲ್ಲಿ ಮುಂದಾಗಬೇಕು. ಸಂತೆಯ ದಿನಗಳಲ್ಲಿ ನಸುಕಿನ ಬಸ್ಸುಗಳಿಗಾಗಿ ಸಾರಿಗೆ ನಿಗಮವನ್ನು ಒತ್ತಾಯಿಸಬೇಕು. ಮಾಲು ಲಾರಿಯಲ್ಲಿ, ಜನರು ಪ್ರಯಾಣಿಕ ವಾಹನದಲ್ಲಿ ಎಂಬ ನಿಯಮಕ್ಕೆ ತಗಲುವ ವೆಚ್ಚವನ್ನು ವ್ಯಾಪಾರದ ಖರ್ಚಿನಲ್ಲಿಯೇ ಸೇರಿಸಿಕೊಳ್ಳುವುದು ಲೇಸು.