ಮಕ್ಕಳೊಡನೆ ಕಡಲಂಚಿನ ಕಾಲ್ನಡಿಗೆ

ಶಾಲಾ ಪ್ರವಾಸದ ಕಾಲ ಬಂತೆಂದರೆ ನಮ್ಮ ಲಗ್ಗೆರೆಯ ಮನೆಗಳಲ್ಲಿ ಈಗ ಒಂದು ಚರ್ಚೆ ತಪ್ಪಿದ್ದಲ್ಲ. ಮಗಳು ಒಪ್ಪಿಗೆ ಪತ್ರ ತಂದು ಅಪ್ಪನ ಮುಂದೆ ಹಿಡಿಯುತ್ತಾಳೆ. ಅದರಲ್ಲಿ ಬೇಲೂರು, ಹಳೇಬೀಡು ಎಂದಿದ್ದರೆ ಸಹಿ ಸಲೀಸು. ಗೋಕರ್ಣ, ಮುರ್ಡೇಶ್ವರ ಎಂದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತದೆ.

ಈ ಭಯ ಸುಮ್ಮನೆ ಬಂದದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರದ ಪಾಲಾದರು. ಅಂದಿನಿಂದ ಹಲವು ಪಾಲಕರು ನನ್ನನ್ನು ಕೇಳುವುದು ಒಂದೇ ಮಾತು: ‘ಮೇಷ್ಟ್ರೇ, ಮಕ್ಕಳನ್ನು ಸಮುದ್ರಕ್ಕೆ ಕಳಿಸಬೇಕೋ ಬೇಡವೋ?’

ಕಳಿಸಿ, ಆದರೆ ಮೊದಲು ನೀವೇ ಕರೆದುಕೊಂಡು ಹೋಗಿ ಎಂಬುದು ನನ್ನ ಉತ್ತರ. ಈಜಿಸಲು ಅಲ್ಲ, ನಡೆಸಲು. ಬಯಲುಸೀಮೆಯ ನಮ್ಮ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು. ಎರಡೂ ನಿಂತ ನೀರು. ಸಮುದ್ರದ ನೀರು ನಿಲ್ಲುವುದಿಲ್ಲ. ಆ ವ್ಯತ್ಯಾಸವನ್ನು ದಡದ ಮೇಲೆ ನಡೆಯುತ್ತಾ ಕಲಿತ ಮಗು ಮುಂದೆ ಯಾವ ಪ್ರವಾಸಕ್ಕೆ ಹೋದರೂ ಎಚ್ಚರದಿಂದಿರುತ್ತದೆ. ಕಡಲನ್ನು ತೋರಿಸದೆ ಬೆಳೆಸಿದ ಮಗುವೇ ಅಲೆ ಕಂಡ ಕೂಡಲೇ ಓಡಿಹೋಗಿ ನೀರಿಗೆ ಇಳಿಯುವುದು.

ಎಲ್ಲಿ ನಡೆಯಬೇಕು?

ಕುಟುಂಬಕ್ಕೆ ಹೊಂದುವ ಒಳ್ಳೆಯ ಹಾದಿ ಗೋಕರ್ಣದಲ್ಲಿದೆ. ಊರಿನ ಕಡಲ ತೀರದಿಂದ ದಕ್ಷಿಣಕ್ಕೆ ಹೊರಟು ಸಣ್ಣ ಗುಡ್ಡ ಹತ್ತಿ ಇಳಿದರೆ ಕುಡ್ಲೆ ತೀರ. ಅಲ್ಲಿಂದ ಇನ್ನೊಂದು ಗುಡ್ಡ ದಾಟಿದರೆ ಓಂ ತೀರ. ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಒಂದೊಂದು ತೀರದ ನಡುವೆ ಮಕ್ಕಳ ಹೆಜ್ಜೆಯಲ್ಲಿ ಸುಮಾರು ಅರ್ಧ ಗಂಟೆಯ ನಡಿಗೆ. ಐದನೇ ತರಗತಿಯೊಳಗಿನ ಮಕ್ಕಳಿದ್ದರೆ ಓಂ ತೀರಕ್ಕೇ ನಿಲ್ಲಿಸಿ. ದೊಡ್ಡವರಾದರೆ ಹಾಫ್ ಮೂನ್ ತನಕ ಹೋಗಬಹುದು. ಅದರಾಚೆಯ ಹಾದಿ ಬಂಡೆ, ಇಳಿಜಾರುಗಳಿಂದ ಕೂಡಿದೆ. ಅಲ್ಲಿ ಹಟ ಬೇಡ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣ ಮುಟ್ಟಿಸುತ್ತದೆ. ನವೆಂಬರ್‌ನಿಂದ ಫೆಬ್ರವರಿ ತನಕ ಸರಿಯಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಹಾದಿಯ ಯೋಚನೆಯೇ ಬೇಡ.

ದಾರಿಯಲ್ಲಿ ನೋಡುವುದೇನು?

ಮೊದಲು ಕಾಲ ಕೆಳಗಿನ ಕಲ್ಲನ್ನು ನೋಡಿ. ಕೆಂಪಗೆ, ತೂತು ತೂತಾಗಿ, ಜೇನುಹಟ್ಟಿಯಂತಿರುವ ಇದು ಜಂಬಿಟ್ಟಿಗೆ ಅಥವಾ ಮುರಕಲ್ಲು. ಸಾವಿರಾರು ಮಳೆಗಾಲಗಳು ಬಂಡೆಯೊಳಗಿನ ಕರಗುವ ಲವಣಗಳನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿವೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದೇ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿ 1807ರಲ್ಲಿ ಪುಸ್ತಕ ಪ್ರಕಟಿಸಿದ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆ ಇದೆ, ಗಮನಿಸಿದಿರಾ?

ಓಂ ತೀರವನ್ನು ಗುಡ್ಡದ ಮೇಲಿನಿಂದಲೇ ನೋಡಬೇಕು. ಎರಡು ಬಿಲ್ಲಿನಾಕಾರದ ಮರಳ ದಂಡೆಗಳು, ನಡುವೆ ಚಾಚಿದ ಬಂಡೆ. ಕರಾವಳಿ ನೆಟ್ಟಗಿರದೆ ಹೀಗೇಕೆ ಬಾಗಿದೆ? ಅಲೆಗಳು ಆಳ ಕಡಿಮೆಯಾದಂತೆ ನಿಧಾನವಾಗುತ್ತವೆ. ಚಾಚಿದ ಬಂಡೆಯ ಮುಂದೆ ಆಳ ಕಡಿಮೆ, ಆದ್ದರಿಂದ ಅಲೆ ಅಲ್ಲಿ ಹಿಂದೆ ಬೀಳುತ್ತದೆ, ಅಕ್ಕಪಕ್ಕದಲ್ಲಿ ಮುಂದೆ ಸಾಗುತ್ತದೆ. ಹೀಗೆ ಬಾಗಿದ ಅಲೆಗಳ ಶಕ್ತಿ ಬಂಡೆಯ ಮೇಲೆ ಕೂಡಿಬರುತ್ತದೆ, ಕೊಲ್ಲಿಯೊಳಗೆ ಹಂಚಿಹೋಗುತ್ತದೆ. ಜೋರಿರುವಲ್ಲಿ ಕಲ್ಲು ಸವೆಯುತ್ತದೆ, ಜೋರಿಲ್ಲದಲ್ಲಿ ಮರಳು ಕೂರುತ್ತದೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಬೆಳಕಿನ ವಕ್ರೀಭವನವನ್ನು ಗಾಜಿನ ಪಟ್ಟಕದಲ್ಲಿ ಓದುತ್ತಾರಲ್ಲ, ಇಲ್ಲಿ ಅದೇ ನಿಯಮ ನೀರಿನಲ್ಲಿ ನಡೆದಿದೆ.

ಗೋಡೆಯ ಮೇಲಿನ ಕ್ಯಾಲೆಂಡರ್

ಈ ನಡಿಗೆಗೆ ಬೇಕಾದ ಮುಖ್ಯ ಉಪಕರಣ ನಿಮ್ಮ ಮನೆಯ ಗೋಡೆಯ ಮೇಲೆ ತೂಗಾಡುತ್ತಿದೆ. ತಿಥಿ ತೋರಿಸುವ ಕ್ಯಾಲೆಂಡರ್ ಎಂದರೆ ಭರತ-ಇಳಿತಗಳ ಒರಟು ಲೆಕ್ಕವೂ ಹೌದು. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುವುದರಿಂದ ಎರಡರ ಸೆಳೆತವೂ ಕೂಡುತ್ತದೆ. ಆಗ ಭರತ ತೀರಾ ಮೇಲೆ, ಇಳಿತ ತೀರಾ ಕೆಳಗೆ. ಉತ್ತರ ಕನ್ನಡದ ತೀರದಲ್ಲಿ ಈ ಅಂತರ ಸುಮಾರು ಎರಡು ಮೀಟರ್ ಮುಟ್ಟಬಲ್ಲದು. ಅಷ್ಟಮಿಯ ಆಸುಪಾಸಿನಲ್ಲಿ ಎರಡು ಸೆಳೆತಗಳೂ ಅಡ್ಡಡ್ಡ ಇರುವುದರಿಂದ ಏರಿಳಿತ ಕಡಿಮೆ. ಮೊದಲ ಸಲ ಮಕ್ಕಳನ್ನು ಕರೆದೊಯ್ಯುವವರು ಅಷ್ಟಮಿಯ ಹತ್ತಿರದ ದಿನ ಆರಿಸಿಕೊಳ್ಳುವುದು ಲೇಸು.

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಇವತ್ತಿನ ಸಮಯಕ್ಕೆ ಸುಮಾರು 50 ನಿಮಿಷ ಕೂಡಿಸಿದರೆ ನಾಳೆಯ ಸಮಯ. ಶನಿವಾರ ಬೆಳಿಗ್ಗೆ 7ಕ್ಕೆ ಇಳಿತವಾದರೆ ಭಾನುವಾರ 7.50ರ ಹೊತ್ತಿಗೆ. ಬಂಡೆಗಳ ಬುಡ ಸುತ್ತಿ ಹೋಗುವ ಕಡೆಗಳಲ್ಲಿ ಇಳಿತದ ಹೊತ್ತಿಗೆ ಹೋಗಿ, ನೀರು ಏರುವ ಮುನ್ನ ಮರಳಿ ಬರಬೇಕು. ಆ ದಿನದ ನಿಖರ ಸಮಯವನ್ನು ಮೀನುಗಾರರಲ್ಲಿ ಕೇಳಿ. ಅವರಿಗಿಂತ ದೊಡ್ಡ ಉಪಾಧ್ಯಾಯರು ಆ ವಿಷಯದಲ್ಲಿ ಇಲ್ಲ.

ಶಾಂತವಾಗಿ ಕಾಣುವ ಜಾಗ

ಪಾಲಕರು ಈ ಭಾಗವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗಲೇಬೇಕಲ್ಲ? ಅದು ಎಲ್ಲೆಡೆ ಸಮನಾಗಿ ಹಿಂದಿರುಗದೆ, ಮರಳ ದಿಬ್ಬಗಳ ನಡುವಿನ ಆಳದ ಕಾಲುವೆಯಲ್ಲಿ ನುಗ್ಗುತ್ತದೆ. ಇದೇ ರಿಪ್ ಕರೆಂಟ್ ಎಂಬ ಸೆಳವು. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ವೇಗವಿದ್ದರೂ ಜೋರಾದಾಗ 2 ಮೀಟರ್ ದಾಟಬಲ್ಲದು. ಒಳ್ಳೆಯ ಈಜುಗಾರನೂ ಅದರ ಎದುರು ಈಜಲಾರ. ಮೋಸ ಇರುವುದು ನೋಟದಲ್ಲಿ. ಆ ಜಾಗದಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾದ ಪಟ್ಟಿ. ಹೊಸಬರು ‘ಇಲ್ಲಿ ಅಲೆ ಇಲ್ಲ’ ಎಂದು ಅಲ್ಲಿಗೇ ಇಳಿಯುತ್ತಾರೆ.

ಸೆಳವು ನಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡವರು ದಡದ ಕಡೆಗೆ ಒದ್ದಾಡದೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸಾಗಿ ಪಟ್ಟಿಯಿಂದ ಹೊರಬರಬೇಕು. ದಡದಲ್ಲಿರುವವರು ಕೈ ಕೈ ಹಿಡಿದು ನೀರಿಗೆ ಇಳಿಯಬಾರದು. ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕಿದರೂ ಎಸೆದು, ಕೂಗಿ ಜನ ಸೇರಿಸಬೇಕು. ಜೀವರಕ್ಷಕ ಸಿಬ್ಬಂದಿ ಇರುವಲ್ಲಿ ಅವರ ಸೀಟಿಯೇ ಕೊನೆಯ ಮಾತು.

ಕಾಯ್ದುಕೊಂಡ ತೀರಗಳು

ಯೂರೋಪಿನ ಮೆಡಿಟರೇನಿಯನ್ ಸಮುದ್ರ ಬಹುಮಟ್ಟಿಗೆ ನೆಲ ಸುತ್ತುವರಿದ ಕೊಳದಂತಿರುವುದರಿಂದ ಅಲ್ಲಿ ಭರತ-ಇಳಿತ ಬಹಳ ಕಡೆ ಕೆಲವೇ ಅಂಗುಲ. ಮಕ್ಕಳ ಸಮೇತ ಅದರ ದಂಡೆಯಲ್ಲಿ ನಡೆಯುವುದು ಅಲ್ಲಿನವರ ರೂಢಿ. ಫ್ರಾನ್ಸ್ 1976ರಲ್ಲಿ ಕಾನೂನು ಮಾಡಿ, ಕಡಲಂಚಿನ ಖಾಸಗಿ ಜಮೀನಿನಲ್ಲೂ ಮೂರು ಮೀಟರ್ ಅಗಲದ ಜಾಗವನ್ನು ಕಾಲ್ನಡಿಗೆಯವರಿಗೆ ಬಿಡಿಸಿತು. ಮಾರ್ಸೇಲ್ ಬಳಿಯ ಸುಣ್ಣಕಲ್ಲಿನ ಕಡಿದಾದ ತೀರ 2012ರಿಂದ ರಾಷ್ಟ್ರೀಯ ಉದ್ಯಾನ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಹೆಚ್ಚಾದ ದಿನ ಅಲ್ಲಿಗೆ ಪ್ರವೇಶವನ್ನೇ ಮುಚ್ಚುತ್ತಾರೆ. ಅವರ ಅಪಾಯ ಬೆಂಕಿ, ನಮ್ಮದು ನೀರು. ದಿನ ನೋಡಿ ಹೆಜ್ಜೆ ಇಡುವ ಶಿಸ್ತು ಮಾತ್ರ ಒಂದೇ.

ನಮ್ಮಲ್ಲೂ ಕಾಪಾಡಿಕೊಂಡದ್ದು ಕಡಿಮೆಯೇನಿಲ್ಲ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. 2011 ಮತ್ತು 2019ರಲ್ಲಿ ಅವು ಬದಲಾಗಿವೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಾಗಿ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಗೋಕರ್ಣದ ದಕ್ಷಿಣಕ್ಕೆ ಸಮುದ್ರ ಸೇರುವ ಅಘನಾಶಿನಿ ಅಣೆಕಟ್ಟಿಲ್ಲದೆ ಹರಿಯುವ ನದಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಉಪ್ಪು ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲಿಯೇ. ಎರಡನೇ ದಿನ ಬಿಡುವಿದ್ದರೆ ಸಾಣಿಕಟ್ಟಾದ ಉಪ್ಪಿನ ಗದ್ದೆ ತೋರಿಸಿ. ಆವೀಕರಣ, ಸ್ಫಟಿಕೀಕರಣ ಎಂಬ ಎರಡು ಪಾಠಗಳು ಒಂದೇ ನೋಟದಲ್ಲಿ ಮುಗಿಯುತ್ತವೆ.

ಹೊರಡುವ ಮುನ್ನ

ತಲೆಗೆ ಟೋಪಿ, ಕಾಲಿಗೆ ಹಿಡಿತವಿರುವ ಬೂಟು, ತಲಾ ಎರಡು ಲೀಟರ್ ನೀರು. ಬೆಳಿಗ್ಗೆ ಏಳರೊಳಗೆ ಹೊರಡಿ, ಹನ್ನೊಂದರೊಳಗೆ ನೆರಳು ಸೇರಿ. ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಬಂಡೆಯ ಗುಂಡಿಗಳಲ್ಲಿ ಏಡಿ, ಚಿಪ್ಪುಜೀವಿಗಳು ಕಂಡರೆ ನೋಡಿ, ಕೀಳಬೇಡಿ. ಈ ತೀರಗಳಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಗೂಡಿಗೆ ಬೇಲಿ ಕಟ್ಟಿದ್ದರೆ ದೂರದಿಂದಲೇ ನಮಸ್ಕಾರ ಹೇಳಿ. ಕೊಂಡುಹೋದ ಪ್ಲಾಸ್ಟಿಕ್ ನಿಮ್ಮೊಡನೆಯೇ ಮರಳಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ಓಂ ತೀರದ ಸುರಕ್ಷಿತ ಎತ್ತರದಲ್ಲಿ ಕುಳಿತು, ಅಲೆ ಮುಟ್ಟಿದ ಜಾಗವನ್ನು ಗುರುತಿಸಿಕೊಂಡು, ಅರ್ಧ ಗಂಟೆಗೊಮ್ಮೆ ನೀರು ಎಷ್ಟು ಹೆಜ್ಜೆ ಏರಿತು ಅಥವಾ ಇಳಿಯಿತು ಎಂದು ಬರೆದುಕೊಳ್ಳಿ. ಮೂರು ಗಂಟೆಯ ಲೆಕ್ಕ ಸಾಕು, ಊರಿಗೆ ಬಂದು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯಿರಿ. ಅದನ್ನು ಅಪ್ಪ-ಅಮ್ಮನಿಗೆ ವಿವರಿಸಲು ಬಂದರೆ, ಮುಂದಿನ ವರ್ಷದ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವುದು ಕಷ್ಟವಾಗಲಾರದು.