ಗಾಡಿ ಓಡಿಸೋಕೆ ಸಬ್ಸಿಡಿ, ಗಾಡಿ ತಯಾರಿಸೋಕೆ?



ಜೆ.ಪಿ. ನಗರದಲ್ಲಿ ಹ್ಯುಂಡೈಗೆ ಒಳ್ಳೆ ಹೆಸರಿದೆ. ಅಪಾರ್ಟ್‌ಮೆಂಟ್ ಒಳಗೆ ಬಿಳಿ ಬೋರ್ಡ್ ಕ್ರೆಟಾ, ಗೇಟಿನಾಚೆ ಹಳದಿ ಬೋರ್ಡ್ ಆರಾದಲ್ಲಿ ಬಾಡಿಗೆಗೆ ಕಾಯ್ತಿರೋ ನಮ್ಮ ಹುಡುಗ. ಅವನ ಸಂಕಟ ಗಾಡಿಯದ್ದಲ್ಲ, ತಿಂಗಳ ಕಂತಿನದ್ದು.

1967ರಲ್ಲಿ ಈ ಕಂಪನಿ ಕಟ್ಟಿದ ಚುಂಗ್ ಜು-ಯುಂಗ್ ಬಡ ರೈತನ ಮಗ. ಅಪ್ಪ ಹಸು ಮಾರಿದ್ದ ದುಡ್ಡು ಎತ್ಕೊಂಡು ಊರು ಬಿಟ್ಟವರು. 1998ರಲ್ಲಿ ಆ ಋಣಕ್ಕೆ 1001 ದನಗಳನ್ನ ಉತ್ತರ ಕೊರಿಯಾಕ್ಕೆ ಕೊಟ್ಟರು. ಅದೇ ವರ್ಷ ಶ್ರೀಪೆರಂಬದೂರು ಬಳಿಯ ಕಾರ್ಖಾನೆಯ ಸ್ಯಾಂಟ್ರೋ ನಮ್ಮ ರಸ್ತೆಗಿಳಿಯಿತು.

ಈ ಕಥೆ ಹೇಳಿ 'ಪ್ರತಿಭೆ ಇದ್ರೆ ಸಾಕು' ಅಂತ ನಮಗೆ ಪಾಠ ಮಾಡ್ತಾರೆ. ಅಲ್ಲಿನ ಸರ್ಕಾರ ಅಗ್ಗದ ಸಾಲ ಕೊಟ್ಟಿದ್ದು, ವಿದೇಶಿ ಕಾರು ಬರದಂತೆ ಬಾಗಿಲು ಹಾಕಿದ್ದು ಮಾತ್ರ ಹೇಳಲ್ಲ. ಅದನ್ನ ಯಾರೂ ಕೋಟಾ ಅನ್ನಲ್ಲ!

ಟ್ಯಾಕ್ಸಿ ಕೊಳ್ಳೋಕೆ ನಮ್ಮವರಿಗೆ 'ಸ್ವಾವಲಂಬಿ ಸಾರಥಿ' ಯೋಜನೆಯಲ್ಲಿ 4 ಲಕ್ಷದವರೆಗೆ ಸಬ್ಸಿಡಿ ಇದೆ. ಬೇಕು, ಇರಲಿ. ಆದರೆ ಕಾರು ತಯಾರಿಸೋ ಯಾವ ಖಾಸಗಿ ಕಂಪನಿಯಲ್ಲೂ ನಮಗೆ ಮೀಸಲಾತಿ ಇಲ್ಲ. 2024ರಲ್ಲಿ ಹ್ಯುಂಡೈ ಇಂಡಿಯಾದ 27,870 ಕೋಟಿ ರೂಪಾಯಿ ಷೇರು ಇಲ್ಲೇ ಮಾರಾಟವಾಯ್ತು, ದುಡ್ಡು ಕೊರಿಯಾದ ಮೂಲ ಕಂಪನಿಗೆ ಹೋಯ್ತು.

ನಮ್ಮ ಜನ, ನಮ್ಮ ನೆಲ, ನಮ್ಮ ಮಾರುಕಟ್ಟೆ ಬೇಕು ಅಂದ್ರೆ ನಮ್ಮ ಪಾಲೂ ಕೊಡಬೇಕು. ದೇಶಿ ಕಂಪನಿಗೂ ಇದೇ ಮಾತು. ಖಾಸಗಿ ವಲಯದಲ್ಲಿ ಮೀಸಲಾತಿ ಕೇಳೋಣ, ಜೋರಾಗಿ ಕೇಳೋಣ.